ಹತ್ತಿ ನೋಡದ ಅಟ್ಟಗಳು

ಭೂಕಂಪವಾಗಿ ಹತ್ತು ದಿನವಾಗಿತ್ತು. ಗ್ಲಿನಾ ಪಟ್ಟಣದ ಶಾಲೆಯೊಂದರ ಆಟದ ಹಜಾರದಲ್ಲಿ ನಾವು ಮೂವತ್ತು ಜನ ಇಂಜಿನಿಯರುಗಳು ತಂಗಿದ್ದೆವು. ಯಾರೂ ಕಳಿಸಿರಲಿಲ್ಲ, ನಾವಾಗಿಯೇ ಬಂದವರು. ಹಳ್ಳಿಗಳಿಗೆ ಹೋಗಿ ಮನೆಗಳನ್ನು ಪರೀಕ್ಷಿಸಿ ಬಾಗಿಲಿಗೆ ಚೀಟಿ ಅಂಟಿಸುವುದು ಕೆಲಸ. ಹಸಿರು ಅಂದರೆ ವಾಸಿಸಬಹುದು, ಹಳದಿ ಅಂದರೆ ದುರಸ್ತಿಯಾಗುವ ತನಕ ಒಳಗೆ ಇರಬಾರದು, ಕೆಂಪು ಅಂದರೆ ಆ ಮನೆಯ ಆಸೆ ಬಿಡಬೇಕು. ಕೆಳಗೆ ನಮ್ಮ ಸಹಿ. ಒಬ್ಬರ ಸಹಿಯನ್ನು ಇನ್ನೊಬ್ಬರು ಪ್ರಶ್ನಿಸಬಾರದು ಎಂಬ ನಿಯಮ ಎಲ್ಲೂ ಬರೆದಿರಲಿಲ್ಲ, ಎಲ್ಲರೂ ಪಾಲಿಸುತ್ತಿದ್ದರು.

ಹಗಲು ನಕ್ಷೆ ಬರೆದು, ಸಂಜೆ ತರಗತಿಯಲ್ಲಿ ಓದಿ ಇಂಜಿನಿಯರಾದವಳು ನಾನು. ಉಳಿದವರೆಲ್ಲ ಓದಿದ ಯಾವುದೋ ಪುಟ ನನಗೆ ತಪ್ಪಿಹೋಗಿದೆ ಎಂಬ ಅನುಮಾನ ಇಂದಿಗೂ ಬಿಟ್ಟಿಲ್ಲ.

ಅಂದು ಬೆಳಿಗ್ಗೆ ಮಿಲ್ಕಾ ಎಂಬವಳ ಮನೆ ನೋಡಿದೆ. ಮೂರು ಮಕ್ಕಳೊಂದಿಗೆ ಅವಳು ಅಷ್ಟೂ ದಿನ ಟ್ರ್ಯಾಕ್ಟರ್ ಕೊಟ್ಟಿಗೆಯಲ್ಲಿ ಮಲಗಿದ್ದಳು. ಗೋಡೆ, ಮೂಲೆ, ಮೆಟ್ಟಿಲು ಎಲ್ಲ ಗಟ್ಟಿಯಾಗಿದ್ದವು. ಅಟ್ಟದ ಬಾಗಿಲಿಗೆ ಮಾತ್ರ ಅವಳು ಅಡ್ಡ ನಿಂತಳು. ಆ ಕಡೆಯವರು ಚಳಿಗಾಲದಲ್ಲಿ ಹಂದಿ ಕಡಿದು, ಅಟ್ಟದ ಮೇಲೆ ಹೊಗೆಗೂಡಿನ ಪಕ್ಕದ ಸಣ್ಣ ಕೋಣೆಯಲ್ಲಿ ಮಾಂಸವನ್ನು ಕೆಡದಂತೆ ಹೊಗೆಗೆ ತೂಗುಹಾಕುತ್ತಾರೆ.

"ಬಾಗಿಲು ತೆಗೆದ್ರೆ ಕೆಟ್ಟೋಗುತ್ತೆ ತಾಯಿ. ವರ್ಷದ ಊಟ ಅದು. ನಮಗೆ ಉಳಿದಿರೋದೂ ಅದೊಂದೇ," ಎಂದಳು.

ನನಗೆ ಒತ್ತಾಯಿಸಲಾಗಲಿಲ್ಲ. ಹಸಿರು ಅಂಟಿಸಿದೆ. ಶಾಯಿ ಆರುವ ಮೊದಲೇ ಮಕ್ಕಳು ಹಾಸಿಗೆ ಹೊತ್ತು ಒಲೆಯ ಪಕ್ಕಕ್ಕೆ ಓಡಿದರು.

ಮಧ್ಯಾಹ್ನ ಊಟದ ಮೇಜಿನಲ್ಲಿ ಯಾರೋ ಮಾತಿಗೆ ಮಾತು ಬಂದು ಹೇಳಿದರು, ಇಲ್ಲಿನವರು ಹೊಗೆ ಮಾಂಸದ ಕೋಣೆಯೊಳಗೆ ಬರಲೆಂದು ಹೊಗೆಗೂಡಿನ ಎರಡು ಮೂರು ಇಟ್ಟಿಗೆ ಕಿತ್ತಿರುತ್ತಾರೆ ಎಂದು. ನನ್ನ ಚಮಚ ಅಲ್ಲಿಗೇ ನಿಂತಿತು. ಇಟ್ಟಿಗೆ ಕಿತ್ತ ಹೊಗೆಗೂಡು, ಅದರ ನೇರ ಕೆಳಗೆ ಒಲೆ, ಒಲೆಯ ಪಕ್ಕ ಆ ಮಕ್ಕಳು. ನೆಲವಂತೂ ದಿನಕ್ಕೆರಡು ಸಲ ಇನ್ನೂ ನಡುಗುತ್ತಿತ್ತು.

ಪಕ್ಕದಲ್ಲಿ ಸ್ಪ್ಲಿಟ್ ನಗರದಿಂದ ಬಂದ ಸ್ರೆಚ್ಕೊ ಇದ್ದರು. ಮೂವತ್ತೈದು ವರ್ಷ ಸೇತುವೆ ಕಟ್ಟಿದವರು. ಅವರಿಗೆ ಹೇಳಿದೆ.

"ಸಹಿ ಹಾಕಿದ ಮೇಲೆ ಅಟ್ಟ ನೆನಪಾಯ್ತಾ, ನೆವೆಂಕಾ?" ಎಂದರು ಅವರು.

ಎದುರಿಗಿದ್ದ ಇನ್ನೊಬ್ಬ ಇಂಜಿನಿಯರ್ ಬ್ರಾನಿಮಿರ್ ನಕ್ಕ. "ಸಂಜೆ ಕಾಲೇಜಲ್ಲಿ ಏಣಿ ಹತ್ತೋದು ಸಿಲಬಸ್‌ನಲ್ಲಿ ಇರಲ್ಲ ಬಿಡಿ."

ನಾನು ಸ್ರೆಚ್ಕೊ ಕಡೆಗೇ ತಿರುಗಿದೆ. "ನೋಡ್ಲಿಲ್ಲ, ತಪ್ಪಾಯ್ತು," ಎಂದೆ. "ನೀವು ಜೊತೆಗೆ ಬನ್ನಿ. ಒಬ್ಬಳೇ ಹೋದ್ರೆ ಮತ್ತೆ ಅವಳ ಮಾತಿಗೆ ಸೋಲ್ತೀನಿ."

ಅವರು ಸೂಪು ಅಷ್ಟಕ್ಕೇ ಬಿಟ್ಟು ಹೆಲ್ಮೆಟ್ ಎತ್ತಿಕೊಂಡರು.

ಮಿಲ್ಕಾಳೊಂದಿಗೆ ಸ್ರೆಚ್ಕೊ ವಾದಿಸಲೇ ಇಲ್ಲ. ಮಾಂಸವನ್ನು ತಾವೇ ಒಂದೊಂದಾಗಿ ಇಳಿಸಿ ಕೊಟ್ಟಿಗೆಗೆ ಹೊತ್ತರು. ಆಮೇಲೆ ನಾನು ಟಾರ್ಚು ಹಿಡಿದೆ. ಕಿತ್ತ ಇಟ್ಟಿಗೆಗಳ ಮಟ್ಟದಲ್ಲಿ ಬಿರುಕು ಹೊಗೆಗೂಡನ್ನು ಸುತ್ತಿ ಬಂದಿತ್ತು. ಮೇಲಿನ ಭಾಗ ಎರಡು ಬೆರಳಿನಷ್ಟು ಪಕ್ಕಕ್ಕೆ ಸರಿದು ತನ್ನ ಭಾರದಿಂದಷ್ಟೇ ನಿಂತಿತ್ತು. ಕೆಳಗಿನಿಂದ ಮಕ್ಕಳ ಜಗಳ ಕೇಳಿಸುತ್ತಿತ್ತು.

ನಾನು ಇಳಿದು ಮಕ್ಕಳನ್ನು ಹೊರಗೆ ಕರೆದೆ. ಮಿಲ್ಕಾ ಅಳಲಿಲ್ಲ, ನನ್ನನ್ನು ಬೈಯಲೂ ಇಲ್ಲ. ಹಾಸಿಗೆಗಳನ್ನು ಮತ್ತೆ ಸುತ್ತಿದಳು. ಬೈದಿದ್ದರೆ ಮೇಲಿತ್ತು.

"ಚೀಟಿ ನೀನೇ ಬದಲಾಯಿಸ್ಬೇಕು ಕಣಮ್ಮ," ಎಂದರು ಸ್ರೆಚ್ಕೊ. "ಕೆಳಗೆ ನಾನೂ ಸಹಿ ಹಾಕ್ತೀನಿ."

ಹಳದಿ ಚೀಟಿಯ ಮೇಲೆ ಎರಡು ಸಹಿ ಬಿದ್ದವು. ಕಾರಿನಲ್ಲಿ ಪಟ್ಟಣ ಹತ್ತಿರವಾದಾಗ ಸ್ರೆಚ್ಕೊ, "ಏಳು ಮನೇಲಿ ನಾನೂ ಅಟ್ಟ ಹತ್ತಿಲ್ಲ. ಮಾಂಸ ಇದೆ ಅಂದ್ರು, ಬಿಟ್ಟೆ," ಎಂದರು.

ಮರುದಿನ ಬೆಳಗಿನ ಸಭೆಯಲ್ಲಿ ನಾನು ಎದ್ದು ನಿಂತೆ. ರಾತ್ರಿಯೆಲ್ಲ ಹೊಂದಿಸಿಟ್ಟಿದ್ದ ವಾಕ್ಯಗಳು ಮರೆತುಹೋದವು. ನೋಡದ ಅಟ್ಟಕ್ಕೆ ಹಸಿರು ಕೊಟ್ಟೆ, ಮೂರು ಮಕ್ಕಳು ಅದರ ಕೆಳಗಿದ್ದರು, ಅಷ್ಟೇ ಹೇಳಿದೆ. ಇವಳನ್ನು ಇಲ್ಲಿಗೆ ಬಿಟ್ಟುಕೊಂಡದ್ದೇ ತಪ್ಪು ಎಂದು ಎಲ್ಲರೂ ಯೋಚಿಸುತ್ತಿದ್ದಾರೆ ಎನಿಸಿತು. ಕೂರುವುದೋ ನಿಲ್ಲುವುದೋ ತಿಳಿಯಲಿಲ್ಲ.

ಆಗ ಸ್ರೆಚ್ಕೊ ಎದ್ದು ಏಳು ವಿಳಾಸ ಓದಿದರು. ಓಸಿಯೆಕ್ ಊರಿನಿಂದ ಬಂದಿದ್ದ ಒಬ್ಬಾಕೆ ಇನ್ನೆರಡು ಹೇಳಿದಳು. ಹಿಂದಿನ ಸಾಲಿನಲ್ಲಿ ತಾವು ನೋಡಿದ ಮನೆಗಳ ಪಟ್ಟಿ ಪುಸ್ತಕ ತಿರುವುವ ಸದ್ದು ಶುರುವಾಯಿತು.

ಬ್ರಾನಿಮಿರ್ ಕಾಫಿ ಲೋಟ ಕೆಳಗಿಟ್ಟ.

"ನಂದು ಹದಿನಾಲ್ಕಿದೆ," ಎಂದ ಮೆಲ್ಲಗೆ. "ಜೊತೆಗೆ ಯಾರು ಬರ್ತೀರಿ?"

ನಾನು ಬರುತ್ತೇನೆ ಎಂದೆ.