ತವರಿನ ಸೀರೆ

ರಘು ವ್ಯಾನಿನ ಹಿಂಬಾಗಿಲು ತೆಗೆದು ಸ್ಟ್ರೆಚರ್ ಎಳೆದ. ಹುಣಸೂರಿನ ಆ ಪುಟ್ಟ ಮನೆಯ ಜಗಲಿಯ ಮೇಲೆ ಅವನ ಅಕ್ಕ ಉಷಾರಾಣಿಯನ್ನು ಮಲಗಿಸಿದ್ದರು. ತಲೆಯ ಬಳಿ ಸುಕನ್ಯ ಕೂತಿದ್ದಳು.

"ಅಂತರಸಂತೆಗೆ ತಕ್ಕಂಡೋಯ್ತೀವಿ. ನಮ್ ಜಮೀನಲ್ಲೇ ಮಣ್ಮಾಡದು," ಎಂದ ರಘು.

"ಇಷ್ಟ್ ವರ್ಸ ಬಾಳಿದ್ ಮನೆ ಕಣಪ್ಪ ಇದು," ಎಂದರು ಪಕ್ಕದ ಮನೆಯ ವಿಮಲಮ್ಮ.

ರಘು ಸುಕನ್ಯಳ ಕಡೆ ಕೈ ತೋರಿಸಿದ. "ಈವಮ್ಮ ನಮ್ಮಕ್ಕಂಗೆ ಏನಾಗ್ಬೇಕು? ನೀವೇ ಯೋಳಿ."

ಏನಾಗಬೇಕೆಂದು ಆ ಬೀದಿಗೆಲ್ಲ ಗೊತ್ತಿತ್ತು. ಬಾಯಿ ಬಿಟ್ಟು ಹೇಳುವವರು ಮಾತ್ರ ಇರಲಿಲ್ಲ. ಉಷಾರಾಣಿ ಇದ್ದಿದ್ದರೆ ಮೊದಲು ಎಲ್ಲರಿಗೂ ಕಾಫಿ ಕೊಟ್ಟು, ಆಮೇಲೆ ಜಗಳಕ್ಕೆ ನಿಲ್ಲುತ್ತಿದ್ದಳು. ಸುಕನ್ಯಳಿಗೆ ಜಗಳ ಬಾರದು. ಉಷಾರಾಣಿಯನ್ನು ಒಯ್ದರೆ ತಾನು ಬರೀ ಬಾಡಿಗೆ ಮನೆಯ ಜೊತೆಗಾರ್ತಿಯಾಗಿ ಉಳಿಯುತ್ತೇನೆಂದು ಅವಳಿಗೆ ಭಯವಾಯಿತು.

ವ್ಯಾನಿನೊಳಗೆ ರಘುವಿನ ತಾಯಿ ಕೆಂಪಾಜಮ್ಮ ತೊಡೆಯ ಮೇಲೆ ಬ್ಯಾಗಿಟ್ಟುಕೊಂಡು ಕೂತೇ ಇದ್ದರು.

* * *

ಎಷ್ಟೋ ವರ್ಷಗಳ ಹಿಂದೆ, ಉಷಾರಾಣಿಯಿದ್ದ ಮೈಸೂರಿನ ಲೇಡೀಸ್ ಹಾಸ್ಟೆಲ್ಲು ಶನಿವಾರ ಮಧ್ಯಾಹ್ನಕ್ಕೆ ಖಾಲಿಯಾಗುತ್ತಿತ್ತು. ಊರಿಗೆ ಹೋಗಲ್ವಾ ಎಂದು ಕೇಳುವವರಿಗೆ ಹೆದರಿ ಉಷಾರಾಣಿಯೂ ಬ್ಯಾಗು ಹಿಡಿದು ಬಸ್‌ಸ್ಟ್ಯಾಂಡಿನಲ್ಲಿ ಕೂರುತ್ತಿದ್ದಳು. ಮಗಳ ಮನಸ್ಸು ಹೆಣ್ಣಿನ ಕಡೆಗೆಂದು ತಿಳಿದ ದಿನವೇ ಅವ್ವ, ನಮ್ಮ ಹೊಸಿಲು ತುಳಿಯಬೇಡ ಎಂದಿದ್ದರು. ಅಷ್ಟು ದೊಡ್ಡ ಊರಿನಲ್ಲಿ ಇದನ್ನು ಹೇಳಿಕೊಳ್ಳಲು ಒಬ್ಬರೂ ಇರಲಿಲ್ಲ.

ಎದುರು ಬೆಂಚಿನಲ್ಲಿ ಪ್ರತಿ ಶನಿವಾರ ಇನ್ನೊಬ್ಬಳೂ ಕೂರುತ್ತಿದ್ದಳು.

"ಯಾವೂರ್ಗೆ?" ಉಷಾರಾಣಿ ಒಂದು ದಿನ ಕೇಳಿದಳು.

"ಹಾರನಹಳ್ಳಿಗೆ," ಎಂದಳು ಸುಕನ್ಯ.

"ಪಿರಿಯಾಪಟ್ಟಣದ ಬಸ್ಸು ಎಷ್ಟೋ ಹೋದ್ವಲ್ಲ."

"ನಿಮ್ ಅಂತರಸಂತೆ ಕಡೆ ಬಸ್ಸೂ ಹೋಯ್ತು. ನೀವೂ ಹತ್ನಿಲ್ಲ."

ಉಷಾರಾಣಿ ತನ್ನ ಬ್ಯಾಗಿನ ಜಿಪ್ಪೆಳೆದು ತೋರಿಸಿದಳು. ಒಳಗೆ ಒಂದು ದಿಂಬು ಬಿಟ್ಟರೆ ಏನೂ ಇರಲಿಲ್ಲ. ಸುಕನ್ಯ ತನ್ನದನ್ನೂ ತೆಗೆದಳು. ಬರೀ ಹಳೆ ಪೇಪರು. ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

* * *

ಕೆಂಪಾಜಮ್ಮ ವ್ಯಾನಿನಿಂದ ಇಳಿದರು. ಚಪ್ಪಲಿ ಬಿಟ್ಟು, ಜಗಲಿ ಹತ್ತಿ, ಬ್ಯಾಗು ತೆರೆದರು. ಅರಿಶಿನ ಕುಂಕುಮ, ಹಸಿರು ಬಳೆ, ಹೂವು, ಮಡಿಕೆ ಬಿಚ್ಚದ ಒಂದು ಸೀರೆ.

"ಇದೇನವ್ವಾ?" ಎಂದ ರಘು.

"ತವರಿನ ಸೀರೆ ಕಣ್ಲಾ."

ಹೆಣ್ಣು ಸತ್ತರೆ ತವರಿನವರು ಸೀರೆ ತರುವುದು ಆಕೆ ಬಾಳುವೆ ಮಾಡಿದ ಮನೆಗೆ. ತವರಿಗೇ ಒಯ್ಯುವ ಹೆಣಕ್ಕೆ ಆ ಸೀರೆ ಇಲ್ಲ.

ಕೆಂಪಾಜಮ್ಮ ಮಗಳಿಗೆ ಕುಂಕುಮವಿಟ್ಟು, ಬಳೆ ತೊಡಿಸಿ, ಸೀರೆ ಹೊದಿಸಿದರು. "ಬದ್ಕಿದ್ದಾಗ ಬರ್ನಿಲ್ಲ ಕಣವ್ವ, ನಿನ್ ಮನೆಗೆ," ಎಂದು ಅವಳ ಕೆನ್ನೆ ಸವರಿ ಅತ್ತರು. ಆಮೇಲೆ ಸುಕನ್ಯಳ ಕಡೆ ತಿರುಗಿದರು.

"ತವರಿಂದು ಆಯ್ತು. ಮನೆಯೋರ ಸೀರೆ ತಕ್ಕಬಾ ಮಗಾ."

ಸುಕನ್ಯ ಒಳಗೆ ಓಡಿದಳು. ಉಷಾರಾಣಿಗೆ ಇಷ್ಟವಾದ ಸೀರೆ ಯಾವುದೆಂದು ಅವಳು ಹುಡುಕಬೇಕಿರಲಿಲ್ಲ.

"ಎಗಲ್ ಕೊಡ್ಲಾ," ಎಂದರು ಕೆಂಪಾಜಮ್ಮ ಮಗನಿಗೆ. ರಘು ಸ್ಟ್ರೆಚರ್ ಅನ್ನು ವ್ಯಾನಿನೊಳಕ್ಕೆ ತಳ್ಳಿ ಬಾಗಿಲು ಹಾಕಿದ.

ಚಟ್ಟದ ಮುಂದೆ ಒಂದು ಕಡೆ ರಘು, ಇನ್ನೊಂದು ಕಡೆ ಸುಕನ್ಯ ಹೆಗಲು ಕೊಟ್ಟರು. ಒಂದರ ಮೇಲೊಂದು ಎರಡು ಸೀರೆ ಹೊದ್ದು ಉಷಾರಾಣಿ ತನ್ನ ಮನೆಯಿಂದ ಹೊರಟಳು. ವ್ಯಾನಿನವನು ಗಾಡಿಯನ್ನು ಹಿಂದಕ್ಕೆ ತೆಗೆದು ದಾರಿ ಬಿಟ್ಟ.