ಬೆಣ್ಣೆಗೈ ಅಣ್ಣನ ಕೈ ನಡುಕ

ಬೆಣ್ಣೆಯಿಂದ ಕೂದಲು ತೆಗೆದಂತೆ ಗಡ್ಡ ಹೆರೆಯುತ್ತಿದ್ದ ಆ ಕ್ಷೌರದಂಗಡಿಯವನಿಗೆ ಬೀದಿಯೇ ಇಟ್ಟ ಹೆಸರು ಬೆಣ್ಣೆಗೈ ಅಣ್ಣ. ಈಗ ಅದೇ ಕೈ ನಡುಗುತ್ತಿತ್ತು. “ಬೆಳಬೆಳಗ್ಗೆನೇ ಏರಿಸಿರ್ತಾನೆ” ಎಂದು ಗಿರಾಕಿಗಳು ಒಬ್ಬೊಬ್ಬರಾಗಿ ಎದುರಂಗಡಿಗೆ ಹೋದರು. ಹನಿ ಹೆಂಡ ಮುಟ್ಟದವನ ಬಾಯನ್ನು ಒಂದು ಸಂಜೆ ಹೆಂಡತಿಯೂ ಮೂಸಿದಳು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು ಅವನಿಗೆ.

ಅವನಿಗೆ ಸಕ್ಕರೆ ಕಾಯಿಲೆ ಇತ್ತು. ಕೈ ನಡುಗಿ, ಬೆವರಿ, ಎದೆ ಡವಡವ ಅಂದರೆ ಸಕ್ಕರೆ ಇಳಿದಿದೆ ಎಂದು ನಂಬಿದ್ದ. ಆಗೆಲ್ಲ ಗೋಡೆಗೆ ಮುಖ ಮಾಡಿ ಒಂದು ಪೆಪ್ಪರ್‌ಮೆಂಟು ಬಾಯಿಗೆ ಹಾಕಿಕೊಳ್ಳುತ್ತಿದ್ದ. ಪರೀಕ್ಷೆಗೆ ಹೋದರೆ ಸಕ್ಕರೆ ಏರಿರುತ್ತಿತ್ತು. “ಬಾಯಿ ಕಟ್ಟಿ” ಎಂದು ಡಾಕ್ಟರು ಗದರಿದಾಗ, ನಾಚಿಕೆಯಿಂದ ನಡುಕದ ಮಾತನ್ನೇ ಎತ್ತದೆ ಬರುತ್ತಿದ್ದ.

ಒಂದು ದಿನ ಆಸ್ಪತ್ರೆಯ ನರ್ಸಕ್ಕ ತನ್ನ ಮುದಿ ತಂದೆಯನ್ನು ಗಡ್ಡ ತೆಗೆಸಲು ಕರೆತಂದಳು. ಕತ್ತಿ ಜಾರಿ ಮುದುಕನ ಕೆನ್ನೆಯಲ್ಲಿ ರಕ್ತ ಜಿನುಗಿತು.

“ತಪ್ಪಾಯ್ತಕ್ಕ! ಕುಡಿದಿಲ್ಲ, ಆಣೆ ಮಾಡ್ತೀನಿ. ಸಕ್ಕರೆ ಇಳಿದಿದೆ ಅಷ್ಟೇ.” ಡ್ರಾಯರು ಎಳೆದರೆ ಪೆಪ್ಪರ್‌ಮೆಂಟಿನ ಖಾಲಿ ಕಾಗದಗಳು ನೆಲಕ್ಕುದುರಿದವು. ಅವನು ಅವನ್ನು ಕಾಲಿನಿಂದ ಮುಚ್ಚಿದ.

“ಚುಚ್ಚಿ ನೋಡಿದ್ಯಾ ಅಣ್ಣ?”

“ನೋಡೋದೇನಕ್ಕ, ಕೈಯೇ ಹೇಳ್ತಿದೆಯಲ್ಲ.”

“ಅಪ್ಪನ ಸಕ್ಕರೆ ನೋಡೋ ಮೀಟರ್ ಚೀಲದಲ್ಲೇ ಇದೆ. ಬೆರಳು ಕೊಡು.”

ಇನ್ನೂರ ಅರವತ್ತು!

“ಇಳಿದಿಲ್ಲ, ಅಟ್ಟ ಹತ್ತಿದೆ. ಸೆಖೆ ಜಾಸ್ತಿನಾ? ತೂಕ ಇಳಿದಿದ್ಯಾ?”

“ಬೆಲ್ಟಿಗೆ ಹೊಸ ತೂತು ಹಾಕ್ಸಿದೀನಿ ಅಕ್ಕ.”

“ಥೈರಾಯ್ಡ್ ಇರಬಹುದು. ಕುತ್ತಿಗೆಯಲ್ಲಿರೋ ಆ ಗ್ರಂಥಿ ಅತಿಯಾಗಿ ಕೆಲಸ ಮಾಡಿದ್ರೂ ಹೀಗೇ ನಡುಗುತ್ತೆ, ಸಕ್ಕರೆನೂ ಏರುತ್ತೆ.”

“ಕುತ್ತಿಗೆಗೂ ಸಕ್ಕರೆಗೂ ಏನು ನೆಂಟಸ್ತನ?”

“ಒಂದು ಕೆಟ್ಟರೆ ಇನ್ನೊಂದು ಹತೋಟಿಗೆ ಬರೋದು ಕಷ್ಟ. ಡಾಕ್ಟರ ಹತ್ರ ಪೆಪ್ಪರ್‌ಮೆಂಟು ಸಮೇತ ಎಲ್ಲಾ ಹೇಳು.”

ರಕ್ತಪರೀಕ್ಷೆಯಲ್ಲಿ ಅದೇ ಹೌದಾಯಿತು. ಔಷಧಿ ಶುರುವಾಗಿ ಕೆಲವು ತಿಂಗಳಲ್ಲಿ ಕೈ ನಡುಕ ನಿಂತಿತು, ಸಕ್ಕರೆಯೂ ಹತೋಟಿಗೆ ಬಂತು. “ನಿಮ್ಮ ಬಾಯಿ ಮೂಸಿದ್ನಲ್ಲಾರೀ” ಎಂದು ಹೆಂಡತಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಮುದುಕ ಮತ್ತೆ ಬಂದು ಕುರ್ಚಿಗೊರಗಿ ಕುತ್ತಿಗೆ ಎತ್ತಿದ. “ಅವತ್ತಿನದು ಅರ್ಧಕ್ಕೇ ನಿಂತಿತ್ತು, ಮುಗಿಸಪ್ಪ ಬೆಣ್ಣೆಗೈ.” ಅಣ್ಣನ ಕಣ್ಣು ತುಂಬಿತು, ಕೈ ಅಲುಗಲಿಲ್ಲ.

ಸಕ್ಕರೆ ಕಾಯಿಲೆ ಇರುವವರೇ, ನಡುಕ ಬಂದರೆ ಚುಚ್ಚಿ ನೋಡಿ. ಮೀಟರ್ ಸಿಗದಿದ್ದರೆ ತಡಮಾಡದೆ ಸಿಹಿ ತಿನ್ನಿ, ಆಮೇಲೆ ನೋಡಿ. ಸಕ್ಕರೆ ಇಳಿಯದಿದ್ದರೂ ಮತ್ತೆ ಮತ್ತೆ ನಡುಗುತ್ತಿದ್ದರೆ ಥೈರಾಯ್ಡ್ ಪರೀಕ್ಷೆಯ ಬಗ್ಗೆ ಡಾಕ್ಟರನ್ನು ಕೇಳಿ. ಮಾತ್ರೆಯನ್ನು ನೀವೇ ಹೆಚ್ಚು ಕಡಿಮೆ ಮಾಡಬೇಡಿ. ಮನೆಯವರೇ, ಬಾಯಿ ಮೂಸುವ ಮೊದಲು ಏನಾಗುತ್ತಿದೆ ಎಂದು ಒಂದು ಮಾತು ಕೇಳಿ.