ಕೆಂಪು ನದಿಯ ಆಡುಗಳು

"ಅಕ್ಕಾ, ಕೆಂಪು ನದಿ ತುಂಬ ಆಡು ನುಗ್ಗಿಬಿಟ್ಟಿವೆ. ಬೇಗ ಬನ್ನಿ!"

ಬಾಕ್ ಕೂಗಿದ ರೀತಿಗೆ ಉಯೆನ್ ಚಹಾದ ಲೋಟ ಕೆಳಗಿಡುವುದನ್ನೂ ಮರೆತು ಅವನ ಮೇಜಿನ ಬಳಿ ಹೋದಳು. ಹನೋಯಿಯ ಆ ಸಣ್ಣ ಪ್ರಕಾಶನದಲ್ಲಿ ಪುಟ ಜೋಡಿಸುವವನು ಬಾಕ್, ಬರಹ ತಿದ್ದುವವಳು ಉಯೆನ್. ಇಬ್ಬರ ತಲೆಯೂ ನರೆತದ್ದು ಅದೇ ಕೋಣೆಯಲ್ಲಿ. ಅವಳು ಬಂದು ನಿಂತದ್ದೇ ಬಾಕ್ ತನ್ನ ಕಡೆಗಿದ್ದ ಫ್ಯಾನನ್ನು ಅವಳತ್ತ ತಿರುಗಿಸಿ, ಆಮೇಲೆ ಪರದೆಯ ಮೇಲೆ ಬೆರಳಿಟ್ಟ.

ಪ್ರೊಫೆಸರ್ ದಾಯ್ ಬರೆದ ದೊಡ್ಡ ಪುಸ್ತಕದ ಕೊನೆಯ ಪುಟಗಳು ಅವು. ಪ್ರವಾಹ ತಡೆಯಲು ನದಿಯುದ್ದಕ್ಕೂ ಕಟ್ಟಿದ ಮಣ್ಣಿನ ಏರಿಗಳ ಇತಿಹಾಸ. ಆದರೆ ಕಂಪ್ಯೂಟರು ತಾನಾಗಿ ತಯಾರಿಸಿದ ಪದಸೂಚಿಯಲ್ಲಿ ಏರಿ ಎಂಬ ಮಾತೇ ಇರಲಿಲ್ಲ. ಕೆಂಪು ನದಿಯ ಆಡು. ಎಡದಂಡೆಯ ಆಡು. ಆಡು ಒಡೆದ ವರ್ಷಗಳು. ಆಡಿಗೆ ಮಣ್ಣು ಹೊತ್ತವರು.

ಅಲ್ಲಿಯ ಭಾಷೆಯಲ್ಲಿ ಏರಿಗೆ 'ದೇ', ಆಡಿಗೆ 'ಝೇ'. ಬರೆಯುವಾಗ ಎರಡಕ್ಕೂ ಅಕ್ಷರ ಒಂದೇ. ದಕಾರಕ್ಕೆ ಮಾತ್ರ ಬೆನ್ನಿನ ಮೇಲೆ ಒಂದು ಸಣ್ಣ ಅಡ್ಡಗೆರೆ. ಆ ಗೆರೆ ಅಳಿಸಿದರೆ ದ ಹೋಗಿ ಝ ಆಗುತ್ತದೆ, ಏರಿ ಹೋಗಿ ಆಡಾಗುತ್ತದೆ. ಹೆಂಗಸರ ಹಿಂದೆ ಸುಳಿಯುವ ಗಂಡಸನ್ನೂ ಊರವರು ಝೇ ಎಂದೇ ಕರೆಯುವುದು.

"ಸ್ವಲ್ಪ ಮೇಲೆ ನೋಡಿ. ಮೇಷ್ಟ್ರ ಹೆಸರು."

ದಾಯ್ ಎಂದರೆ ಮಹಾ, ದೊಡ್ಡವನು. ಗೆರೆ ಕಳೆದುಕೊಂಡು ಅವರು ಝಾಯ್ ಆಗಿದ್ದರು, ಅಂದರೆ ಪೆದ್ದ. ವೂ ಕ್ವಾಂಗ್ ದಾಯ್ ಹೋಗಿ ವೂ ಕ್ವಾಂಗ್ ಪೆದ್ದ, ಸಾಲು ಸಾಲು ಆಡುಗಳ ಮುಂದೆ, ಮೇಯಿಸಲು ಹೊರಟವನ ಹಾಗೆ.

ಬಾಕ್ ನಗು ತಡೆಯಲಾರದೆ ಕೆಮ್ಮಿದ. ಉಯೆನ್ ನಗಲಿಲ್ಲ. ಆ ಸಾಲನ್ನು ಇನ್ನೊಮ್ಮೆ, ಮತ್ತೊಮ್ಮೆ ಓದಿದಳು. ಬಾಯಿಗೆ ಬೆಲ್ಲ ಹಾಕಿಕೊಂಡು ಕರಗಲು ಬಿಟ್ಟವಳಂತೆ ನಿಧಾನವಾಗಿ ಓದಿದಳು.

"ಹೇಗಾಯ್ತು ಇದು?"

"ತಪ್ಪು ನಂದೇ ಅಕ್ಕ. ಪುಸ್ತಕದೊಳಗೆ ಬೇಕಾದ ಕಡೆಯೆಲ್ಲ ನಾನು ಚೀಟಿ ಸಿಗಿಸ್ತೀನಲ್ಲ, ಪುಟದಲ್ಲಿ ಕಾಣಲ್ಲ ಅದು, ಸೂಚೀಲಿ ಮಾತ್ರ ಎದ್ದು ಬರುತ್ತೆ. ಆ ಚೀಟೀಲಿ ಎರಡು ಭಾಗ. ಮೊದಲನೇದು, ಅಕ್ಷರಕ್ರಮದ ಸಾಲಲ್ಲಿ ಎಲ್ಲಿ ನಿಲ್ಬೇಕು. ಎರಡನೇದು, ಯಾವ ಮುಖ ತೋರಿಸ್ಬೇಕು. ಅಡ್ಡಗೆರೆ ದಕಾರ ಈ ಪ್ರೋಗ್ರಾಮಿಗೆ ಗೊತ್ತೇ ಇಲ್ಲ. ಏರಿಗಳನ್ನೆಲ್ಲ ಒಯ್ದು ಕೊನೇ ಅಕ್ಷರದ ಆಚೆ ಗುಡ್ಡೆ ಹಾಕಿತ್ತು. ಸಾಲಲ್ಲಿ ನಿಲ್ಲೋವಾಗ ಗೆರೆ ತೆಗೆದಿಡು ಅಂತ ಹೇಳ್ದೆ. ಅದು ಮುಖದ ಮೇಲಿಂದೂ ಉಜ್ಜಿ ಹಾಕಿದೆ."

"ತಿದ್ದೋಕೆ ಎಷ್ಟು ಹೊತ್ತು?"

"ಪ್ರೋಗ್ರಾಮಲ್ಲಿ ಒಂದೇ ಸಾಲು. ನಿಮ್ಮ ಚಹಾ ಆರೋದ್ರೊಳಗೆ."

"ಮೇಷ್ಟ್ರು ನೋಡಿದಾರಾ ಇದನ್ನ?"

"ಅವರೆಲ್ಲಿ ನೋಡ್ತಾರೆ!" ಬಾಕ್ ಗಂಟಲು ಸರಿಪಡಿಸಿಕೊಂಡು ಪ್ರೊಫೆಸರರ ಧ್ವನಿ ತೆಗೆದ. "'ಸೂಚಿ ಓದೋರು ಪುಸ್ತಕ ಓದದ ಸೋಮಾರಿಗಳಪ್ಪ. ಮಷೀನು ಮಾಡುತ್ತಲ್ಲ, ಸಾಕು. ಪುಟಗಳಿಗೆಲ್ಲ ಸಹಿ ಹಾಕಿದೀನಿ, ಇನ್ನು ಒಂದಕ್ಷರ ಅಲುಗಾಡಬಾರದು.' ಬೆಳಗ್ಗೆ ಫೋನಲ್ಲಿ ಹೀಗಂದ್ರು."

"ಹಾಗಾದರೆ ನಾಳೆ ತನಕ ಅಲುಗಾಡಿಸಬೇಡ," ಎಂದಳು ಉಯೆನ್. "ಈ ಪುಟಗಳನ್ನ ನನಗೊಂದು ಪ್ರತಿ ತೆಗೆದುಕೊಡು."

ಬಾಕ್ ಅವಳ ಮುಖ ನೋಡಿದ. ಪ್ರತಿ ತೆಗೆದು, ಮಡಿಕೆ ಬೀಳದಿರಲೆಂದು ರಟ್ಟಿನ ನಡುವೆ ಇಟ್ಟುಕೊಟ್ಟ.

ಉಯೆನ್ ಮತ್ತು ಲುವಾ ಓದುವ ಕಾಲದಲ್ಲಿ ಹಾಸ್ಟೆಲಿನ ಒಂದೇ ಸೊಳ್ಳೆಪರದೆಯಡಿ ಮಲಗಿದವರು. ಲುವಾ ಏರಿ ಕಾಯುವವನ ಮಗಳು. ಏರಿ ಒಡೆದ ಕಡೆಯೆಲ್ಲ ನೀರು ಕೊರೆದ ಹೊಂಡಗಳು ಉಳಿದುಬಿಡುತ್ತವೆ. ಒಂದೊಂದಕ್ಕೂ ಹಳ್ಳಿಯವರು ಇಟ್ಟ ಹೆಸರಿರುತ್ತದೆ, ಹೆಸರಿನ ಹಿಂದೆ ಯಾರದೋ ಸಾವಿರುತ್ತದೆ. ಲುವಾ ಸೈಕಲ್ ತುಳಿದು ಆ ಹೊಂಡಗಳನ್ನೆಲ್ಲ ಹುಡುಕಿದಳು. ಎಲೆ ಅಡಿಕೆ ಜಗಿಯುವ ಮುದುಕಿಯರ ಪಕ್ಕ ಕುಳಿತು ಕೇಳಿ ಬರೆದಳು. ಅವಳ ಪ್ರಬಂಧಕ್ಕೆ ಮಾರ್ಗದರ್ಶಕರು ದಾಯ್. ಅಧ್ಯಾಯ ತಿದ್ದಬೇಕು ಬಾ ಎಂದು ಒಂದು ಮಧ್ಯಾಹ್ನ ಕೋಣೆಗೆ ಕರೆದು ಚಿಲಕ ಹಾಕಿದರು. ಲುವಾ ಫ್ಲಾಸ್ಕಿನ ಬಿಸಿ ಚಹಾವನ್ನು ಅವರ ತೊಡೆಗೆ ಸುರಿದು ಹೊರಬಂದಳು. ವಾರ ಕಳೆಯುವುದರೊಳಗೆ, ಪ್ರಬಂಧವೆಲ್ಲ ನಕಲು ಎಂದು ಅವರು ಬರೆದುಕೊಟ್ಟರು. ಆ ಮಧ್ಯಾಹ್ನ ಲುವಾ ಯಾವ ಸ್ಥಿತಿಯಲ್ಲಿ ಓಡಿ ಬಂದಳೆಂದು ವಿಚಾರಣೆಯಲ್ಲಿ ಉಯೆನ್ ಎದ್ದು ನಿಂತು ಹೇಳಿದಳು. ವಿಚಾರಣೆ ನಡೆಸಿದವರು ಹುಡುಗಿಯರ ಹೊಟ್ಟೆಕಿಚ್ಚು ಎಂದು ಷರಾ ಬರೆದು ಮುಗಿಸಿದರು. ಲುವಾ ಹಾಸಿಗೆ ಸುತ್ತಿಕೊಂಡು ಊರಿಗೆ ಹೋದಳು.

ಪ್ರೊಫೆಸರರ ಪುಸ್ತಕ ಮೊದಲ ಸಲ ಅಚ್ಚಾದಾಗ ನಾಲ್ಕನೆಯ ಅಧ್ಯಾಯ ಇಡಿಯಾಗಿ ಲುವಾಳದಾಗಿತ್ತು. ಪಟ್ಟಣದ ಔಷಧಿ ಅಂಗಡಿಯವರ ಮಗ ದಾಯ್, 'ನಮ್ಮೂರಲ್ಲಿ ಏರಿ ಒಡೆಯಿತು ಅನ್ನುವುದಿಲ್ಲ, ನೀರಜ್ಜಿ ಮನೆಗೆ ಬಂದಳು ಅನ್ನುತ್ತೇವೆ' ಎಂಬ ಅವಳ ಮಾತನ್ನೂ ಹಾಗೆಯೇ ಇಟ್ಟುಕೊಂಡಿದ್ದರು. ಆ ವಾಕ್ಯವನ್ನೇ ಎಲ್ಲರೂ ಬಾಯಿತುಂಬ ಹೊಗಳಿದರು.

ಈಗ ಅವರ ಎಪ್ಪತ್ತೈದನೆಯ ಹುಟ್ಟುಹಬ್ಬಕ್ಕೆ ಅದೇ ಪುಸ್ತಕ ರಟ್ಟು ಕಟ್ಟಿಸಿಕೊಂಡು ಹೊರಡುತ್ತಿತ್ತು. ಇನ್ನೊಂದು ಮುದ್ರಣ ಬರುವ ಸಂಭವವಿಲ್ಲ. ಲುವಾಳ ಹೆಸರು ಇದರೊಳಗೆ ಬಂದರೆ ಈಗ ಬರಬೇಕು, ಇಲ್ಲದಿದ್ದರೆ ಎಂದಿಗೂ ಇಲ್ಲ. ಆದರೆ ಅಂದು ಸಂಜೆ ಸ್ಕೂಟರಿನಲ್ಲಿ ಸೇತುವೆ ದಾಟುವಾಗ ಉಯೆನ್ ಯೋಚಿಸುತ್ತಿದ್ದುದು ಹೆಸರನ್ನಲ್ಲ, ಆಡುಗಳನ್ನು. ಗ್ರಂಥಾಲಯಗಳ ಕಪಾಟಿನಲ್ಲಿ, ಮಂತ್ರಿಗಳ ಮೇಜಿನ ಮೇಲೆ, ಪ್ರೊಫೆಸರರ ಮೊಮ್ಮಕ್ಕಳ ಕೈಯಲ್ಲಿ ಮೇಯುವ ಆಡುಗಳು. ಹೆಲ್ಮೆಟ್ಟಿನೊಳಗೆ ಅವಳು ಒಬ್ಬಳೇ ನಕ್ಕಳು.

ಏರಿಯ ಬುಡದಲ್ಲಿ ಲುವಾಳದು ಬಸವನಹುಳುವಿನ ಸಾರು-ಶಾವಿಗೆಯ ಅಂಗಡಿ. ಗಿರಾಕಿಗಳ ಸ್ಕೂಟರ್ ಸೀಟುಗಳು ಬಿಸಿಲಿಗೆ ಕಾಯದಿರಲೆಂದು ಅವಳು ಹೊದಿಸಿದ್ದ ರಟ್ಟುಗಳು ಇಳಿಹೊತ್ತಿನಲ್ಲೂ ಹಾಗೇ ಇದ್ದವು. ಉಯೆನ್ ಬಂದದ್ದನ್ನು ಕಂಡು ಒಂದು ಗಿಡ್ಡ ಸ್ಟೂಲನ್ನು ಕಾಲಿಂದಲೇ ತಳ್ಳಿದಳು.

"ಏನೇ, ಮುಖದಲ್ಲಿ ಹಬ್ಬ? ಮುದುಕ ಸತ್ತನಾ?"

"ಅದಕ್ಕಿಂತ ಒಳ್ಳೇ ಸುದ್ದಿ," ಎಂದು ಉಯೆನ್ ರಟ್ಟು ಬಿಚ್ಚಿ ಹಾಳೆ ಕೊಟ್ಟಳು.

ಲುವಾ ಒದ್ದೆ ಕೈಯನ್ನು ಅಂಗಿಗೆ ಒರೆಸಿಕೊಂಡು, ದೀಪದ ಕೆಳಗೆ ಹಿಡಿದು ಓದಿದಳು. ಮೊದಲು ಅವಳ ಭುಜ ಅಲುಗಿತು. ಆಮೇಲೆ ಹೊಟ್ಟೆ ಹಿಡಿದುಕೊಂಡು, ಸಾರಿನ ಪಾತ್ರೆಗೆ ಒರಗುವುದೊಂದು ಬಾಕಿ, ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕಳು. "ಎಡದಂಡೆಯ ಆಡು! ಆಡು ಒಡೆದ ವರ್ಷಗಳು! ಅಯ್ಯೋ ನನ್ನಮ್ಮ..."

"ಅವನ ಹೆಸರು ನೋಡಿದೆಯಾ?"

"ನೋಡ್ದೆ, ನೋಡ್ದೆ." ಲುವಾ ಕಣ್ಣೊರೆಸಿಕೊಂಡಳು. "ಹೀಗೇ ಅಚ್ಚಾಗುತ್ತಾ?"

"ನಾನು ಬಾಯಿ ಮುಚ್ಚಿಕೊಂಡಿದ್ದರೆ ಆಗುತ್ತೆ."

ಪಕ್ಕದ ಮೇಜಿನಲ್ಲಿ ಒಬ್ಬ ಗಿರಾಕಿ ಬಸವನಹುಳುವಿನ ಚಿಪ್ಪನ್ನು ಚಮಚದ ಹಿಂಬದಿಯಿಂದ ಕುಟ್ಟುತ್ತಿದ್ದ. "ಒಡೀಬೇಡಪ್ಪ, ಚೂರೆಲ್ಲ ಬಾಯಿಗೆ ಬರುತ್ತೆ," ಎಂದು ಲುವಾ ಅವನಿಗೊಂದು ಚಕ್ಕೋತದ ಮುಳ್ಳು ಕೊಟ್ಟಳು. ತಾನೇ ಒಂದನ್ನು ಚುಚ್ಚಿ ತಿರುವಿ ತೋರಿಸಿದಳು. ಇಡೀ ಹುಳ ಸುರುಳಿ ಬಿಚ್ಚಿಕೊಂಡು ಹೊರಬಂತು. ಅವನ ಬಟ್ಟಲಿಗೆ ಇನ್ನೊಂದು ಸೌಟು ಸಾರು ಬಿಟ್ಟು ಬಂದು, ಉಯೆನ್ ಮುಂದೆಯೂ ಒಂದು ತಟ್ಟೆ ಹುಳ, ಒಂದು ಮುಳ್ಳು ಇಟ್ಟು ಕುಳಿತಳು.

ಈಗ ಅವಳು ನಗುತ್ತಿರಲಿಲ್ಲ.

"ಬೇಡ ಕಣೆ."

"ಯಾಕೆ? ಅಯ್ಯೋ ಪಾಪ ಅನ್ನಿಸ್ತಾ?"

"ಪಾಪಾನಾ? ಥೂ! ಆಡು ಏನು ತಪ್ಪು ಮಾಡಿತ್ತೇ, ಅದನ್ನ ಒಯ್ದು ಅವನ ಪಕ್ಕ ಕಟ್ಟೋಕೆ?" ಲುವಾ ಹಾಳೆಯನ್ನು ಮಡಿಲಲ್ಲಿ ಸವರಿದಳು. "ಕೇಳು. ಆಡು ನೋಡಿ ಜನ ಒಂದು ದಿನ ನಗ್ತಾರೆ. ಮಾರನೇ ದಿನ ಅಚ್ಚಿನ ತಪ್ಪು ಅಂತಾರೆ. ಅಷ್ಟು ದೊಡ್ಡ ಮನುಷ್ಯನಿಗೆ ಎಂಥ ಅನ್ಯಾಯ ಆಯ್ತು ಅಂತ ಅವನ ಬೆನ್ನು ಸವರ್ತಾರೆ. ಅವನಿಗೆ ಯಾರಾದರೂ ಅಯ್ಯೋ ಅನ್ನೋದು ನನಗೆ ಬೇಡ. ಒಂದೇ ಒಂದು ಅಯ್ಯೋನೂ ಸಿಗಬಾರದು."

ಉಯೆನ್ ಒಂದು ಹುಳ ಚುಚ್ಚಿ ತಿರುವಿದಳು.

"ಮತ್ತೆ ನಮ್ಮಪ್ಪ ಜೀವ ಇರೋ ತನಕ ಮಣ್ಣು ಹೊತ್ತಿದ್ದು ಏರಿಗೆ, ಆಡಿಗಲ್ಲ. ಏರಿ ಏರಿಯಾಗೇ ಇರ್ಲಿ." ಬೇರೆ ಕಡೆ ನೋಡುತ್ತ ಕೇಳಿದಳು: "ನನ್ನ ಹೆಸರು ಹಾಕೋಕೆ ಆಗಲ್ಲ, ಅಲ್ವಾ?"

"ಪುಟಗಳಿಗೆ ಸಹಿ ಹಾಕಿಬಿಟ್ಟಿದಾನೆ. ಒಂದಕ್ಷರ ಮುಟ್ಟೋ ಹಾಗಿಲ್ಲ."

ಹಾಗೆಂದು ಹೇಳುತ್ತಿದ್ದಂತೆಯೇ ಉಯೆನ್‌ಗೆ ಬಾಕ್ ಹೇಳಿದ ಚೀಟಿಗಳು ನೆನಪಾದವು. ಪುಟದಲ್ಲಿ ಕಾಣುವುದಿಲ್ಲ, ಸೂಚಿಯಲ್ಲಿ ಮಾತ್ರ ಎದ್ದು ಬರುತ್ತವೆ. ಅವಳು ಕೈಯಲ್ಲಿದ್ದ ಮುಳ್ಳನ್ನು ಮೆಲ್ಲಗೆ ತಟ್ಟೆಯ ಅಂಚಿಗಿಟ್ಟಳು.

"ಪುಟದಲ್ಲಲ್ಲ. ಅವನು ಓದದ ಕಡೆ ಹಾಕ್ಲಾ?"

ಉಯೆನ್ ಬಿಡಿಸಿ ಹೇಳಿದ ಮೇಲೆ ಲುವಾ ಎದ್ದು ಒಲೆಯ ಉರಿ ತಗ್ಗಿಸಿದಳು. "ಹಾಕು. ಯಾರಾದರೂ ಬಂದು ಕೇಳಿದರೆ ನಾನು ಇಲ್ಲೇ ಇರ್ತೀನಿ, ಎಲ್ಲ ಹೇಳ್ತೀನಿ," ಎಂದಳು. "ಅಕ್ಷರ ಸರಿಯಾಗಿ ಹಾಕ್ಸು ಮತ್ತೆ. ಲುವಾ ಅಂದರೆ ರೇಷ್ಮೆ. ಕೆಳಗಿನ ಚುಕ್ಕೆ ತಪ್ಪಿ ಮೇಲೆ ಗೀಟು ಬಿದ್ದರೆ ಭತ್ತ ಆಗ್ಬಿಡ್ತೀನಿ. ಆಡಿಗೆ ಮೇವಾಗೋಕೆ ನಂಗಿಷ್ಟ ಇಲ್ಲ."

ಮರುದಿನ ಬಾಕ್ ತನ್ನ ಒಂದು ಸಾಲು ತಿದ್ದಿದ. ಸಾಲಲ್ಲಿ ನಿಲ್ಲುವ ಭಾಗದಿಂದ ಮಾತ್ರ ಗೆರೆ ತೆಗೆ, ತೋರಿಸುವ ಮುಖವನ್ನು ಮುಟ್ಟಬೇಡ. ಆಡುಗಳೆಲ್ಲ ಒಮ್ಮೆಗೇ ಮಾಯವಾಗಿ ಏರಿಗಳು ಎದ್ದು ನಿಂತವು. ಪೆದ್ದ ಮತ್ತೆ ಮಹಾ ಆದ. "ಸ್ವಲ್ಪ ಎದ್ದೇಳು, ನಾನೊಂದು ಕೆಲಸ ಮಾಡಬೇಕು," ಎಂದು ಉಯೆನ್ ಬಾಕ್‌ನ ಕುರ್ಚಿಯಲ್ಲಿ ಕುಳಿತಳು.

ನಾಲ್ಕನೆಯ ಅಧ್ಯಾಯದ ಮೊದಲ ಪುಟದಿಂದ ಶುರುಮಾಡಿ ಪ್ರತಿ ಪುಟಕ್ಕೂ ಒಂದೊಂದು ಚೀಟಿ ಸಿಗಿಸಿದಳು. ಎಲ್ಲದರಲ್ಲೂ ಒಂದೇ ಹೆಸರು. 'ನೀರಜ್ಜಿ ಮನೆಗೆ ಬಂದಳು' ಎಂಬ ಸಾಲಿನ ಪಕ್ಕ ಬಂದಾಗ ಅವಳ ಬೆರಳು ಕೀಲಿಯ ಮೇಲೆ ಬೇಕಾದದ್ದಕ್ಕಿಂತ ಗಟ್ಟಿಯಾಗಿ ಬಿತ್ತು. ಪುಟದ ಒಂದು ಅಕ್ಷರವೂ ಅಲುಗಾಡಲಿಲ್ಲ.

ಬಾಕ್ ಹಿಂದೆ ನಿಂತು ನೋಡುತ್ತಿದ್ದ. ಸೂಚಿ ಹೊಸದಾಗಿ ತಯಾರಾಗಿ ಬಂದಾಗ ಲಕಾರದಲ್ಲಿ, ಮನೆತನದ ಹೆಸರಿನಿಂದಲ್ಲ ಸ್ವಂತ ಹೆಸರಿನಿಂದಲೇ ಕ್ರಮ ಹಿಡಿಯುವುದರಿಂದ, ಒಂದು ಹೊಸ ಹೆಸರಿತ್ತು: ಕನ್ ಥಿ ಲುವಾ. ಅದರ ಮುಂದೆ ಪುಟಸಂಖ್ಯೆಗಳು ಇರುವೆ ಸಾಲಿನ ಹಾಗೆ ಹರಿದಿದ್ದವು.

"ಯಾರಕ್ಕ ಇವರು?"

"ಆ ಅಧ್ಯಾಯ ಬರೆದವಳು."

ಬಾಕ್ ಬಾಗಿಲ ಕಡೆ ನೋಡಿದ. ತಗ್ಗಿದ ದನಿಯಲ್ಲಿ, "ಗೊತ್ತಾದ್ರೆ ನಿಮ್ಮ ಕೆಲಸ ಹೋಗುತ್ತೆ," ಎಂದ.

"ಹೋಗಲಿ. ನಿನ್ನ ಹೆಸರು ಬರದ ಹಾಗೆ ನೋಡ್ಕೋತೀನಿ."

"ಅದಲ್ಲ ನಾನಂದಿದ್ದು," ಎಂದು ಬಾಕ್ ಗೊಣಗಿದ. ಅವಳನ್ನು ಎಬ್ಬಿಸಿ ತಾನು ಕುಳಿತ. "ಇಷ್ಟುದ್ದ ಸಂಖ್ಯೆ ಬಿಟ್ಟರೆ ಯಾರಿಗೂ ಅರ್ಥ ಆಗಲ್ಲ. ಇಂಥ ಪುಟದಿಂದ ಇಂಥ ಪುಟದ ತನಕ ಅಂತ ಒಂದು ಗೀಟು ಹಾಕಬೇಕು, ಇಡೀ ಅಧ್ಯಾಯ ಅಂತ ನೋಡಿದ ತಕ್ಷಣ ಗೊತ್ತಾಗಬೇಕು." ಹಾಗೆಯೇ ಮಾಡಿದ. ಆಮೇಲೆ ಪರದೆಯನ್ನು ದೊಡ್ಡದು ಮಾಡಿ, ಹೆಸರಿನ ಕೆಳಗಿನ ಚುಕ್ಕೆ ಇದೆಯೇ ಎಂದು ತಾನಾಗಿಯೇ ನೋಡಿದ.

ಬಿಡುಗಡೆಯ ದಿನ ಸಭಾಂಗಣದ ತುಂಬ ಹೂವಿನ ಬುಟ್ಟಿಗಳು. ಪ್ರೊಫೆಸರ್ ದಾಯ್ ಕಂದು ಕೋಟು ತೊಟ್ಟು, ಬೆಳ್ಳಿ ಕೂದಲು ಬಾಚಿಕೊಂಡು, ಉದ್ದ ಮೇಜಿನ ಹಿಂದೆ ಸಹಿ ಹಾಕುತ್ತ ಕುಳಿತಿದ್ದರು. ಪುಸ್ತಕಗಳ ಕಟ್ಟು ಬಿಚ್ಚಿ ಒಂದೊಂದಾಗಿ ಅವರ ಎಡಗೈಗೆ ಸರಿಸುವ ಕೆಲಸವನ್ನು ಉಯೆನ್ ತಾನೇ ಕೇಳಿ ಪಡೆದಿದ್ದಳು.

"ನಿಮ್ಮನ್ನ ಎಲ್ಲೋ ನೋಡಿದ ಹಾಗಿದೆಯಲ್ಲಮ್ಮ," ಎಂದರು ಅವರು, ತಲೆಯೆತ್ತದೆ.

"ನಾನು ನಿಮ್ಮ ವಿದ್ಯಾರ್ಥಿನಿ, ಮೇಷ್ಟ್ರೇ."

"ಓಹೋ! ನೋಡಿ, ನನ್ನ ಹುಡುಗೀರೆಲ್ಲ ಒಳ್ಳೊಳ್ಳೇ ಕಡೆ ಸೇರಿಕೊಂಡಿದಾರೆ."

"ಎಲ್ಲರೂ ಅಲ್ಲ ಮೇಷ್ಟ್ರೇ."

ಅವರಿಗೆ ಕೇಳಿಸಲಿಲ್ಲ, ಮುಂದಿನ ಪುಸ್ತಕ ಬಂದಿತ್ತು.

ಕಿಟಕಿಯ ಬಳಿ ಒಬ್ಬ ಹೆಂಗಸು ಗೋಡೆಗೆ ಒರಗಿ ನಿಂತಿದ್ದಳು. ಮೂವತ್ತರ ಆಸುಪಾಸು, ಮೊಣಕೈಯಲ್ಲಿ ಹೆಲ್ಮೆಟ್ ತೂಗುತ್ತಿತ್ತು. ಪುಸ್ತಕ ಕೊಂಡು ಅಲ್ಲೇ ಹಿಂದಿನಿಂದ ತೆರೆದಿದ್ದಳು. ತನ್ನ ಊರಿನ ಹೊಂಡ ಇದೆಯೋ ಇಲ್ಲವೋ ಎಂದು ಹುಡುಕುತ್ತಿದ್ದಳೇನೋ. ಬೆರಳು ಸೂಚಿಯ ಮೇಲೆ ಇಳಿಯುತ್ತ ಒಂದು ಕಡೆ ನಿಂತಿತು. ನಾಲ್ಕನೆಯ ಅಧ್ಯಾಯ ತೆಗೆದಳು, ಓದಿದಳು, ಹಾಳೆ ಮಗುಚಿದಳು. ಸೂಚಿಗೆ ಮರಳಿ ಬಂದಳು. ಮತ್ತೆ ಅಧ್ಯಾಯಕ್ಕೆ ಹೋದಳು. ಈ ಸಲ, ಸೂಚಿಯ ಹೆಸರು ಅಲ್ಲೆಲ್ಲೂ ಸಿಗದ್ದಕ್ಕೋ ಏನೋ, ಹುಬ್ಬು ಗಂಟಿಕ್ಕಿ, ನಿಂತಲ್ಲೇ ಪುಟದ ಮೇಲೆ ಪುಟ ಓದಿದಳು. ಉಯೆನ್ ಕೈಯಲ್ಲಿದ್ದ ಪುಸ್ತಕವನ್ನು ಸರಿಸುವುದನ್ನು ಮರೆತಳು.

ಸ್ವಲ್ಪ ಹೊತ್ತಿಗೆ ಆ ಹೆಂಗಸು ಸಾಲಿಗೆ ಬಂದು ನಿಂತಳು. ಹಿಂದೆ ಕೋಲು ಹಿಡಿದ ಒಬ್ಬ ಅಜ್ಜ ಬಂದಾಗ ಅವನನ್ನು ಮುಂದೆ ಬಿಟ್ಟಳು. ಕೊನೆಗೆ ಅವಳ ಸರದಿ ಬಂತು.

"ಬಾಮ್ಮ, ಬಾ," ಎಂದು ಪ್ರೊಫೆಸರ್ ಪೆನ್ನು ಎತ್ತಿ ಮೊದಲ ಪುಟ ತೆರೆಯಲು ಕೈ ಚಾಚಿದರು. "ಯಾರ ಹೆಸರು ಬರೀಲಿ?"

ಅವಳು ಪುಸ್ತಕವನ್ನು ಕೊನೆಯ ಪುಟಗಳಲ್ಲಿ ಬಿಡಿಸಿ ಅವರ ಮುಂದಿಟ್ಟು, ಒಂದು ಸಾಲಿನ ಕೆಳಗೆ ಬೆರಳು ಇಟ್ಟಳು.

"ಇವರದು."

ಪ್ರೊಫೆಸರ್ ಮುಂದಕ್ಕೆ ಬಾಗಿದರು. ಅಕ್ಷರ ಸಣ್ಣದು. ಕನ್ನಡಕಕ್ಕಾಗಿ ಕೋಟಿನ ಜೇಬು ತಡವಿದರು, ಇನ್ನೊಂದು ಜೇಬು ತಡವಿದರು. ಸಾಲು ಕಾಯುತ್ತಿತ್ತು. ಆ ಹೆಂಗಸು ಬೆರಳು ತೆಗೆಯಲಿಲ್ಲ.